ಪೈಲಟ್ ಜೆಟ್‌ಗೆ ಇಟ್ಟ ಬೊಟ್ಟು

ಬ್ಯಾಡರಹಳ್ಳಿಯ ನಮ್ಮ ಬೈಕ್ ಗ್ಯಾರೇಜಿನಲ್ಲಿ ಬಹಳ ಕಾಲ ನನ್ನ ಕೆಲಸ ಇಷ್ಟೇ: ಬಿಲ್ ಬರೆಯುವುದು, ಕಾಫಿ ತರಿಸುವುದು, ನನ್ನ ಗಂಡನ ಮಾತಿಗೆ ಮುಖ ಊದಿಸಿಕೊಂಡ ಗಿರಾಕಿಗಳನ್ನು ಸಮಾಧಾನ ಮಾಡುವುದು. ಬಿಚ್ಚಿದ ಎಂಜಿನ್ ಹತ್ತಿರ ಸುಳಿದರೆ ಸಾಕು, "ಮುಟ್ಬೇಡ ಕಣೇ" ಅನ್ನುತ್ತಿದ್ದರು. ಅವರಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದ್ದು ಮದುವೆಯಾದ ಮೇಲೆ ಒಂದೇ ಸಲ, ಅದೂ ಅವರ ಅಕ್ಕನ ಮನೆಯಲ್ಲಿ. ಅಕ್ಕಿ ಆರಿಸುವ ಈ ಕಣ್ಣಿಗೆ ಎಂಜಿನ್ ಸಾಮಾನು ಕಾಣುವುದಿಲ್ಲವೇ ಎಂದು ನಾನೂ ತಿಂಗಳುಗಟ್ಟಲೆ ಅವರ ತಲೆ ತಿಂದೆ.

ಕೊನೆಗೊಂದು ಶುಕ್ರವಾರ ಸೋತರು. ಬಾಗಲಕೋಟೆ ಕಡೆಯ ಒಬ್ಬ ಡೆಲಿವರಿ ಹುಡುಗನ ಬೈಕಿನ ಎಂಜಿನ್ ಹಿಂದಿನ ದಿನವೇ ಬಿಚ್ಚಿಟ್ಟಿದ್ದರು.

"ಸಣ್ಣ ಸಾಮಾನೆಲ್ಲ ನೀನೇ ತೊಳ್ದು ನೋಡು. ಸಂಜೆ ಗಾಡಿ ಸರಿಯಾಗಿ ಓಡಿದ್ರೆ ಈ ರಿಪೇರಿ ಮೇಜು ನಿಂದು. ಇಲ್ದಿದ್ರೆ ಬಿಲ್ ಬುಕ್ಕೇ ಗತಿ," ಎಂದರು.

ಮನೆಯಿಂದ ಹಳೆಯ ಇಡ್ಲಿ ತಟ್ಟೆಗಳನ್ನು ತಂದೆ. ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒಂದೊಂದು ಗುಳಿಯಲ್ಲಿ ಒಂದೊಂದು ಜಾಗದ ಸಾಮಾನು ಇಟ್ಟೆ. ಯಾವುದು ಎಲ್ಲಿಯದೆಂದು ಮತ್ತೆ ಹುಡುಕುವ ಹಾಗಿಲ್ಲ. ಪ್ರತಿಯೊಂದರ ಮೇಲೂ ಉಗುರು ಎಳೆದು ನೋಡಿದೆ. ಒಂದು ವಾಲ್ವ್ ಅಂಚಿನಲ್ಲಿ ಉಗುರು ತಡೆಯಿತು, ಸಾಸಿವೆಗಿಂತ ಚಿಕ್ಕ ಗುಂಡಿ.

"ಏನೂ ಇಲ್ವಲ್ಲೇ," ಎಂದು ಅವರು ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು. ನಾನು ಅವರ ಉಗುರನ್ನೇ ಹಿಡಿದು ಅದರ ಮೇಲೆ ಎಳೆಸಿದೆ. ಎದ್ದು ಹೋಗಿ ಹೊಸ ವಾಲ್ವ್ ತಂದರು. ಆಮೇಲೆ ನಾನು ನೆಲದ ಮೇಲೆ ನಡೆದಿದ್ದರೆ ಕೇಳಿ.

ಕೊನೆಯ ತಟ್ಟೆಯಲ್ಲಿ ಕಾರ್ಬುರೇಟರ್ ಸಾಮಾನಿತ್ತು. ಅದರಲ್ಲಿ ಎಲ್ಲಕ್ಕಿಂತ ಪುಟ್ಟದು ಪೈಲಟ್ ಜೆಟ್. ಗಾಡಿ ನಿಂತಲ್ಲೇ, ಆಕ್ಸಿಲರೇಟರ್ ಕೊಡದೆ, ಎಂಜಿನ್ ಓಡುತ್ತಿರುವಾಗ ಪೆಟ್ರೋಲ್ ಹಾಯುವುದು ಅದರ ಕೂದಲಿನಷ್ಟು ಸಣ್ಣ ತೂತಿನಿಂದ. ಬೆಳಕಿಗೆ ಹಿಡಿದೆ, ಆಚೆಯ ಆಕಾಶ ಕಂಡಿತು. ಶುಕ್ರವಾರ ನಾನು ತೊಳೆದಿಟ್ಟಿದ್ದಕ್ಕೆಲ್ಲ ಕುಂಕುಮ ಬೀಳಲೇಬೇಕು. ಒಲೆಗೆ, ಮಿಕ್ಸಿಗೆ, ಗ್ಯಾಸ್ ಸಿಲಿಂಡರಿಗೆ. ಎಲ್ಲಕ್ಕಿಂತ ಚಿಕ್ಕದು, ಪಾಪ ಎಂದು ಜೆಟ್ ನೆತ್ತಿಗೆ ಒಂದು ಬೊಟ್ಟು ಇಟ್ಟೆ. ಅವರು ಅದನ್ನು ತೆಗೆದುಕೊಂಡು ಹಾಗೇ ಕೂಡಿಸಿದರು.

ಸಂಜೆ ಹುಡುಗ ಬಂದ. "ಆತೇನ್ರೀ ಅಣ್ಣಾರ? ರಾತ್ರಿ ಡ್ಯೂಟಿ ಐತ್ರೀ."

ಕಿಕ್ ಹೊಡೆದರು. ಗಾಡಿ ಸ್ಟಾರ್ಟ್ ಆಯಿತು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಆಫ್ ಆಯಿತು. ಮತ್ತೆ ಕಿಕ್, ಮತ್ತೆ ಆಫ್. ಅವರು ನನ್ನ ಕಡೆ ನೋಡಿದರು. ನನ್ನ ಕಣ್ಣು ನನ್ನ ಉಂಗುರದ ಬೆರಳಿಗೆ ಹೋಯಿತು, ಇನ್ನೂ ಕೆಂಪಗಿತ್ತು. ಮೇಜು ಕೈತಪ್ಪಿತು ಎಂದು ಆಗಲೇ ಗೊತ್ತಾಯಿತು.

"ರೀ, ಜೆಟ್‌ಗೆ ಕುಂಕುಮ ಇಟ್ಟಿದ್ದೆ," ಎಂದೆ.

ಡೆಲಿವರಿ ಹುಡುಗ ಬಾಯಿಗೆ ಕೈ ಅಡ್ಡ ಹಿಡಿದು ರಸ್ತೆಯ ಕಡೆ ತಿರುಗಿದ. ಇವರು ಬೈಯಲಿಲ್ಲ. ಜೆಟ್ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಗಾಳಿ ಹೊಡೆದು, ಬೆಳಕಿಗೆ ಹಿಡಿದರು. ಹತ್ತಿರ ಹಿಡಿದರು, ದೂರ ಹಿಡಿದರು. ಆಮೇಲೆ ನನ್ನ ಅಂಗೈಯಲ್ಲಿಟ್ಟರು.

"ತೂತು ಕಾಣುತ್ತಾ ನೋಡು," ಎಂದರು. ಹುಡುಗನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ನಂಗೆ ಇದು ಕಾಣ್ದೆ ಎರಡು ವರ್ಷ ಆಯ್ತು ಕಣೇ. ಬೆಳಿಗ್ಗೆ ಆ ಕುಂಕುಮಾನೂ ಕಾಣ್ಲಿಲ್ಲ," ಎಂದರು.

ಎರಡು ವರ್ಷ ಈ ಮನುಷ್ಯ ಅಂದಾಜಿನ ಮೇಲೆ ಎಂಜಿನ್ ಕೂಡಿಸಿದ್ದರು, ನಾನು ಪಕ್ಕದಲ್ಲೇ ಕೂತು ಬಿಲ್ ಬರೆದಿದ್ದೆ. ಮುಟ್ಟಬೇಡ ಅಂದಿದ್ದು ಸೊಕ್ಕಿನಿಂದ ಎಂದುಕೊಂಡಿದ್ದೆ. ಅದು ಗುಟ್ಟು ಬಯಲಾಗುವ ಹೆದರಿಕೆಯಾಗಿತ್ತು.

"ಕಾಣುತ್ತೆ, ಹಾಕಿ," ಎಂದೆ. ಹುಡುಗ ಹೊರಟಾಗ ಗಾಡಿ ಸದ್ದು ಒಂದೇ ಸಮನಾಗಿತ್ತು.

ಮೇಜು ಈಗ ನನ್ನದು. ಕನ್ನಡಕ ಹಾಕಿಕೊಂಡರೆ ಗಿರಾಕಿಗಳು ಮುದುಕ ಅಂದುಕೊಳ್ಳುತ್ತಾರೆಂದು ಅವರು ಆರು ವಾರ ಹಟ ಮಾಡಿ, ಆಮೇಲೆ ಮಾಡಿಸಿಕೊಂಡರು. ಆದರೂ ಜೆಟ್ ಕೂಡಿಸುವ ಮುಂಚೆ ಅದನ್ನು ನನ್ನ ಕೈಗೆ ಕೊಟ್ಟು ಕಾಯುತ್ತಾರೆ. ಶುಕ್ರವಾರದ ಕುಂಕುಮ ಮಾತ್ರ ಮೇಜಿನ ಕಾಲಿಗೆ.