ಐದನೇ ಮಾತಿನ ನಡುವೆ ಬಾರಿಸಿದ ಗಂಟೆ

ಗಂಟೆ ಬಾರಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾದರೆ ಬೈಯಿರಿ.

ಹೋದ ವರ್ಷದ ಗುಡ್ ಫ್ರೈಡೇ. ವಾಡಿಯ ನಮ್ಮ ಸಣ್ಣ ಚರ್ಚು, ನಡುಮಧ್ಯಾಹ್ನ, ಫ್ಯಾನು ತಿರುಗಿದರೂ ಬರುವುದು ಬಿಸಿಗಾಳಿಯೇ. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಮೇಲೆ ಏಳು ಜನ ಪ್ರಸಂಗ ಮಾಡುವುದು ಅವತ್ತಿನ ಪದ್ಧತಿ.

ಒಬ್ಬೊಬ್ಬರಿಗೆ ಏಳು ನಿಮಿಷ. ಮುಗಿದ ಕೂಡಲೇ ಮೇಜಿನ ಮೇಲಿನ ಗಂಟೆ ಟಿಂಗ್.

ನಮ್ಮ ಪಾಸ್ಟರ್ ವಾಡಿ, ಶಹಾಬಾದ್, ಚಿತ್ತಾಪುರ ಮೂರೂ ಕಡೆ ಓಡಾಡಬೇಕು. ಹಾಗಾಗಿ ಕ್ರಿಸ್ಮಸ್ಸಿಗೆ ಕಾಯುವ ನಾಲ್ಕು ವಾರಗಳ ಅಡ್ವೆಂಟ್‌ನಿಂದ ಹಿಡಿದು ವರ್ಷವಿಡೀ ಯಾವ ಭಾನುವಾರ ಯಾರು ಯಾವ ವಾಕ್ಯದ ಮೇಲೆ ಮಾತಾಡಬೇಕು ಎಂಬ ಪಟ್ಟಿ ಹಾಕುವುದು ನನ್ನ ಪಾಲಿಗೆ ಬಂದಿದೆ. ನಾನು ಹೈಸ್ಕೂಲ್ ಮಾಸ್ತರ. ಟೈಮ್ ಟೇಬಲ್ ಮತ್ತು ಗಂಟೆ ನನ್ನ ರಕ್ತದಲ್ಲೇ ಇವೆ ಅಂತ ಸ್ವಲ್ಪ ಹೆಮ್ಮೆಯೂ ಇತ್ತು...

ಐದನೇ ಮಾತು, ಅಂದರೆ 'ನನಗೆ ನೀರಡಿಕೆಯಾಗಿದೆ' ಎಂಬ ಮಾತು, ಪ್ರತಿ ವರ್ಷ ಶಾಂತಪ್ಪ ಕಾಕಾನಿಗೆ. ಶಹಾಬಾದ್ ಕಡೆಯ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಖಣಿಗಳಲ್ಲಿ ದುಡಿದು ದುಡಿದು ಬೆನ್ನು ಬಾಗಿದವರು.

ಖಣಿಯ ಬಿಸಿಲು, ಖಾಲಿಯಾದ ಕೊಡ, ಒಣಗಿದ ನಾಲಿಗೆ. ಪ್ರತಿ ಸಲ ಅದೇ ಕಥೆ. ಹಾಡಿನ ಪುಸ್ತಕ ಅಡ್ಡ ಹಿಡಿದು ನಾವು ಕೆಲವರು ನಗುತ್ತಿದ್ದೆವು.

ಗುಡ್ ಫ್ರೈಡೇ ಹಿಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಕಾಕಾ ನನ್ನ ಹತ್ತಿರ ಬಂದು ಬೈಬಲ್‌ನೊಳಗಿಂದ ಒಂದು ಹಾಳೆ ತೆಗೆದರು. ಮಾತಾಡುವವರು ಮೊದಲೇ ಬರೆದು ನನಗೆ ತೋರಿಸಬೇಕು ಅಂತ ನಾನೇ ಮಾಡಿದ ನಿಯಮ.

"ಸರ, ಈ ಸಲ ಬ್ಯಾರೇನೇ ಬರ್ದೀನ್ರಿ. ಒಮ್ಮಿ ನೋಡ್ರಿ. ಟೈಮ್ ಸ್ವಲ್ಪ ಜಾಸ್ತಿ ಬೇಕಾಗ್ತದ."

ನಾನು ಹಾಳೆ ಮುಟ್ಟಲೂ ಇಲ್ಲ. "ಕಾಕಾ, ನಿಮ್ಮ ನೀರಡಿಕಿ ನನಗ ಬಾಯಿಪಾಠ ಆಗ್ಯಾದ. ಏಳು ನಿಮಿಷದಾಗ ಮುಗಸ್ರಿ, ಸಾಕು" ಅಂದೆ. ಪಕ್ಕದಲ್ಲಿದ್ದವರು ನಕ್ಕರು. ಕಾಕಾನೂ ನಕ್ಕು, ಹಾಳೆಯನ್ನು ಮತ್ತೆ ಬೈಬಲ್‌ನೊಳಗೆ ಇಟ್ಟುಕೊಂಡರು.

ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು. ಕಾಕಾನ ತಮ್ಮ ಯೋಹಾನ ಕೂಡ ನಮ್ಮ ಚರ್ಚಿನವನೇ. ರೈಲ್ವೆ ಕೆಲಸ, ಮೊದಲು ಸೊಲ್ಲಾಪುರದಲ್ಲಿದ್ದ.

ಅವರ ಅವ್ವ ತೀರಿಕೊಂಡ ದಿನ ಯೋಹಾನ ಬರುತ್ತಿದ್ದ ಗಾಡಿ ತಡವಾಯಿತು. ಬೇಸಿಗೆ ಕಾಲ, ಇನ್ನು ಇಡಲಾಗದು ಅಂತ ಕಾಕಾ ಮಣ್ಣು ಮಾಡಿಬಿಟ್ಟರು. ಯೋಹಾನ ಬಂದಾಗ ಎಲ್ಲ ಮುಗಿದಿತ್ತು, ಅವ್ವನ ಮುಖ ನೋಡಲು ಸಿಗಲಿಲ್ಲ.

ಅಂದಿನಿಂದ ಅಣ್ಣ ತಮ್ಮನ ನಡುವೆ ಮಾತಿಲ್ಲ. ಚರ್ಚಿನಲ್ಲಿ ಅಣ್ಣ ಕಿಟಕಿ ಕಡೆ ಕೂತರೆ ತಮ್ಮ ಬಾಗಿಲ ಕಡೆ.

ಗುಡ್ ಫ್ರೈಡೇ ದಿನ ಕಾಕಾ ಎದ್ದು ನಿಂತರು. ಶುರುವಾಗಿದ್ದು ಖಣಿಯ ಕಥೆಯಿಂದಲೇ. ನಾನು ವಾಚು ನೋಡುತ್ತಾ ಕೂತಿದ್ದೇನೆ. ಆರನೇ ಮಾತು ನನ್ನದು, ಮನಸ್ಸೆಲ್ಲ ನನ್ನ ಪ್ರಸಂಗದ ಮೇಲೆ.

ಐದು ನಿಮಿಷ... ಆರು... ಈಗ ಹಾಳೆ ತೆಗೆದರು. ಓದಲು ಜೇಬಿನಲ್ಲಿ ಚಾಳೀಸು ಹುಡುಕುತ್ತಿದ್ದಾರೆ. ಏಳಾಗುತ್ತಾ ಬಂತು. ಕೊನೆಗೆ ಹಾಳೆ ಬಿಟ್ಟು ಬಾಗಿಲ ಕಡೆ ನೋಡಿ ಹೇಳಿದರು:

"ನಮ್ಮವ್ವಗ ಕಡೀಕ ನೀರು ಕುಡಿಸ್ದಾಂವ ನಾನು. ಕುಡದು, ಯೋಹಾನಗ ಹೇಳು ಅಂತ ಒಂದ್ ಮಾತ್ ಅಂದ್ಳು. ಇಷ್ಟ್ ವರ್ಷ ನಾ ಹೇಳಿಲ್ಲ. ಅಕಿ ಏನಂದ್ಳಂದ್ರ..."

ಟಿಂಗ್.

ಆಣೆ ಮಾಡಿ ಹೇಳುತ್ತೇನೆ, ಕೈ ಗಂಟೆಯ ಮೇಲೆ ಬಿದ್ದ ಮೇಲೆಯೇ ಆ ಮಾತು ನನ್ನ ತಲೆಗೆ ಹೋಗಿದ್ದು. ಕಿವಿಗೆ ಬಿದ್ದಿತ್ತು, ಆದರೆ ನಾನು ಕೇಳಿರಲಿಲ್ಲ.

ಕಾಕಾ ನನ್ನ ಕಡೆ ನೋಡಿದರು. ಜೀವನವಿಡೀ ಖಣಿಯ ಮೇಸ್ತ್ರಿ, ಮುಕಾದಮ, ಊದುವ ಸೀಟಿಗೆ ಕೆಲಸ ನಿಲ್ಲಿಸಿದವರು. "ಆಯ್ತು ಬಿಡ್ರಿ" ಅಂದು ಹಾಳೆ ಮಡಚಿಕೊಂಡು ಇಳಿದುಬಿಟ್ಟರು. ಬಾಗಿಲ ಹತ್ತಿರ ಯೋಹಾನ ಅರ್ಧ ಎದ್ದಿದ್ದ, ಹಾಗೇ ಕೂತ.

"ಹೇಳ್ರಿ ಕಾಕಾ" ಅನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ಅನ್ನಲಿಲ್ಲ. ಎದ್ದು ಹೋಗಿ ನನ್ನ ಪ್ರಸಂಗ ಮಾಡಿದೆ. ಭಾಳ ಚೆನ್ನಾಗಿತ್ತು ಅಂತ ಜನ ಕೈ ಕುಲುಕಿದರು.

ಈಸ್ಟರ್ ಗದ್ದಲ ಮುಗಿಯಲಿ, ಆಮೇಲೆ ಕೂರಿಸಿಕೊಂಡು ಕೇಳೋಣ ಅಂದುಕೊಂಡೆ. ಎರಡೇ ವಾರಕ್ಕೆ ಕಾಕಾನಿಗೆ ಲಕ್ವಾ ಹೊಡೆದು ಮಾತೇ ನಿಂತುಹೋಯಿತು. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂಟೆಕೋಸ್ಟ್ ಹಬ್ಬಕ್ಕೆ ಮೊದಲೇ ಹೋಗಿಬಿಟ್ಟರು.

ಅವರ ಬೈಬಲನ್ನು ಎದೆಯ ಮೇಲಿಟ್ಟು ಪೆಟ್ಟಿಗೆ ಮುಚ್ಚಿದವರಲ್ಲಿ ನಾನೂ ಒಬ್ಬ. ಆ ಹಾಳೆ ಅದರೊಳಗೇ ಇದ್ದಿರಬೇಕು ಅಂತ ಹೊಳೆದದ್ದು ಮನೆಗೆ ಬಂದು ಕಾಲು ತೊಳೆಯುವಾಗ.

ಅಡ್ವೆಂಟ್ ಶುರುವಾದ ವಾರ ಯೋಹಾನ ನಮ್ಮ ಮನೆಗೆ ಬಂದ. ಕುಂದ್ರಿ ಅಂದರೂ ಕೂರಲಿಲ್ಲ.

"ಸರ, ಅಣ್ಣ ಬರ್ದಿದ್ದು ನಿಮಗ ತೋರ್ಸಿರಬೇಕಲ್ರಿ? ಅವ್ವ ಏನಂದಿದ್ಳು?"

ಎಷ್ಟೋ ತಿಂಗಳಿಂದ ಈ ಪ್ರಶ್ನೆಗೆ ಹೆದರುತ್ತಿದ್ದೆ. ಓದಲಿಲ್ಲ ಅಂದೆ. ತೋರಿಸಲು ಬಂದಿದ್ದರು, ನಾನೇ ನೋಡಲಿಲ್ಲ ಅಂದೆ.

ಅವನು ಬೈದಿದ್ದರೆ ಚೆನ್ನಾಗಿತ್ತು. "ಟೈಮ್ ಅಂದ್ರ ಟೈಮೇ ಬಿಡ್ರಿ ಸರ. ಅಂವ ಜೀವಂತ ಇದ್ದಾಗ ನಾನೂ ಹೋಗಿ ಕೇಳ್ಲಿಲ್ಲ" ಅಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಆ ಭಾನುವಾರ ನನ್ನ ಪ್ರಸಂಗದ ವಿಷಯ 'ಕಾಯುವುದು'. ಬಾಗಿಲ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ.

ಈಗ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ, ಲೆಂಟ್, ಶುರುವಾಗಿದೆ, ಗುಡ್ ಫ್ರೈಡೇ ಪಟ್ಟಿ ನನ್ನ ಮುಂದಿದೆ. ಐದನೇ ಮಾತು ತನಗೆ ಬೇಕು ಅಂತ ಯೋಹಾನ ಕೇಳಿದ್ದಾನೆ. "ನಾ ಏನೂ ಮಾತಾಡಲ್ರಿ, ಅಣ್ಣ ನಿಂತಲ್ಲಿ ಸುಮ್ಮ ನಿಂದರ್ತೀನಿ" ಅಂದಿದ್ದಾನೆ. ಬರೆದುಕೊಂಡಿದ್ದೇನೆ. ಗಂಟೆಯನ್ನು ಪಾಸ್ಟರ್‌ಗೆ ವಾಪಸ್ ಕೊಟ್ಟಿದ್ದೇನೆ.

ಮೊದಲನೇ ಮಾತು, ಕ್ಷಮೆಯದು, ಪಾಸ್ಟರ್ ನನಗೇ ವಹಿಸಿದ್ದಾರೆ. ಯೋಹಾನನ ಎದುರು ಒಂದು ಸಲವೂ 'ತಪ್ಪಾಯ್ತಪ್ಪ' ಅನ್ನದ ಈ ಬಾಯಿಂದ ಅದರ ಮೇಲೆ ಏಳು ನಿಮಿಷ ಏನು ಮಾತಾಡಲಿ, ನೀವೇ ಹೇಳಿ?