ಅರ್ಜಿ ಶಾಸಕರ ಕೈಗೆ ಕೊಟ್ಟವರು ಯಾರು?

ಎರಡು ವರ್ಷಗಳ ಹಿಂದಿನ ಮಾತು. ಇಂಡಿ ಪಟ್ಟಣದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವವಳು ನಾನು. ಆ ವರ್ಷ ಸುತ್ತಲ ಹಳ್ಳಿಗಳಲ್ಲಿ ಲಿಂಬೆ ಗಿಡಗಳು ಬೇರು ಕೊಳೆತು ಒಣಗತೊಡಗಿದ್ದವು. ಅದಕ್ಕೆ ಪರಿಹಾರ ಹುಡುಕಲು ಒಂದು ಸಂಶೋಧನಾ ಯೋಜನೆ ಬರೆದು ವಿಶ್ವವಿದ್ಯಾಲಯಕ್ಕೆ ಕಳಿಸಿದ್ದೆ.

ಕೆಲವು ಅನುದಾನಗಳನ್ನು ಸರ್ಕಾರ ಸ್ಪರ್ಧೆಯಿಲ್ಲದೆ, ಶಾಸಕರ ಶಿಫಾರಸಿನ ಮೇಲೆ ನೇರವಾಗಿ ಕೊಡುತ್ತದೆ. ಯಾವ ಯೋಜನೆಗೆ ಕೇಳಬೇಕೆಂದು ವಿಶ್ವವಿದ್ಯಾಲಯದ ಸಮಿತಿಯೇ ಆರಿಸಿ ಶಾಸಕರಿಗೆ ಒಂದು ಪಟ್ಟಿ ಕಳಿಸುತ್ತದೆ. ನಾವಾಗಿಯೇ ಶಾಸಕರ ಹತ್ತಿರ ಹೋಗುವಂತಿಲ್ಲ. ಈ ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಸೋಮವಾರ ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದವರು ಕರೆಸಿದರು. ಅಲ್ಲಿನ ಅಧಿಕಾರಿ ನನ್ನ ಮುಂದೆ ಕಾಗದಗಳನ್ನಿಟ್ಟರು. ನನ್ನದೇ ಅರ್ಜಿ, ನನ್ನದೇ ಸಹಿ, ಮೇಲೆ ಶಾಸಕರ ಕಚೇರಿಯ ಮುದ್ರೆ!

“ಮೇಡಂ, ಎಲ್ಲಾರೂ ಹಿಂಗ ಶಾಸಕರ ಬಾಗ್ಲಾ ಬಡದ್ರ ಸಮಿತಿ ಯಾಕ ಬೇಕ್ರಿ?”

“ನಾ ಕೊಟ್ಟಿಲ್ರಿ ಸರ್.”

“ಮತ್ತ ಇದಕ್ಕ ಕಾಲ ಬಂದು ತಾನ ನಡಕೋತ ಹೋತೇನ್ರಿ?”

ವಾರದೊಳಗೆ ಲಿಖಿತ ವಿವರಣೆ ಕೊಡಬೇಕು, ಇಲ್ಲದಿದ್ದರೆ ಯೋಜನೆ ರದ್ದು ಎಂದರು. ಕಾಗದಗಳ ಝೆರಾಕ್ಸ್ ಕೊಟ್ಟು ಕಳಿಸಿದರು. ಅದನ್ನು ನೋಡುವ ಮನಸ್ಸೂ ಆಗದೆ ಚೀಲಕ್ಕೆ ತುರುಕಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ತಲೆಯೊಳಗೆ ಒಂದೇ ಹೆಸರು ಸುತ್ತುತ್ತಿತ್ತು: ಮಲ್ಲಿಕಾರ್ಜುನ ಸರ್. ನಮ್ಮಲ್ಲೇ ರಸಾಯನಶಾಸ್ತ್ರ ಕಲಿಸುವವರು. ಅರ್ಜಿಯ ಮೂರು ಪ್ರತಿ ಮುದ್ರಿಸಿ ಕೊಟ್ಟಿದ್ದು ಅವರೇ. ಮೂರಕ್ಕೂ ನಾನು ಸಹಿ ಹಾಕಿದ್ದೆ. ಒಂದು ವಿಶ್ವವಿದ್ಯಾಲಯಕ್ಕೆ ಹೋಗಿತ್ತು, ಒಂದನ್ನು ಅವರು ಓದಲು ಇಟ್ಟುಕೊಂಡಿದ್ದರು. ಕುಡಿಯುವ ನೀರಿನ ಬಗ್ಗೆ ಅವರದೂ ಒಂದು ಯೋಜನೆ ಅದೇ ಸಮಿತಿಯ ಮುಂದಿತ್ತು. ನನ್ನದು ಕೆಟ್ಟರೆ ಅವರದಕ್ಕೆ ದಾರಿ. ಸಾಲದ್ದಕ್ಕೆ, ಸಿಂದಗಿಯ ಮದುವೆಯೊಂದರಲ್ಲಿ ಅವರು ಶಾಸಕರ ಆಪ್ತ ಸಹಾಯಕರ ಪಕ್ಕದಲ್ಲಿ ಕೂತು ಉಂಡಿದ್ದನ್ನು ಕಣ್ಣಾರೆ ಕಂಡಿದ್ದೆ. ಇಂಡಿ ಬರುವಷ್ಟರಲ್ಲಿ ನನ್ನ ಮಟ್ಟಿಗೆ ತೀರ್ಪು ಆಗಿಹೋಗಿತ್ತು.

ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆಯೇ ಕೇಳಿದೆ: “ಸರ್, ನನ್ನ ಅರ್ಜಿ ಶಾಸಕರಿಗಿ ಮುಟ್ಟಿಸಿ ನಿಮ್ಮ ದಾರಿ ಹಸನ ಮಾಡ್ಕೊಂಡ್ರಿ ಹೌದಲ್ರಿ?”

ಅವರು ಹಾಜರಿ ಪುಸ್ತಕ ಮುಚ್ಚಿದರು. ನನ್ನನ್ನೊಮ್ಮೆ ನೋಡಿದರು. ಪುಸ್ತಕ ಹಿಡಿದು ತರಗತಿಗೆ ಹೋದರು. ಹಾಗೆ ಎದ್ದು ಹೋದದ್ದೂ ನನಗೆ ತಪ್ಪೊಪ್ಪಿಗೆಯಂತೆಯೇ ಕಂಡಿತು.

ಮೂರನೆಯ ದಿನ ವಿವರಣೆ ಬರೆಯಲು ಕೂತು ಝೆರಾಕ್ಸ್ ತೆಗೆದೆ. ಕೊನೆಯ ಹಾಳೆಯ ತಳದಲ್ಲಿ ಸೊಟ್ಟಂಬಟ್ಟ ಅಕ್ಷರಗಳಲ್ಲಿ ಇನ್ನೊಂದು ಸಹಿಯಿತ್ತು: ಶಾಂತವ್ವ. ಪ್ರಯೋಗಕ್ಕೆ ತನ್ನ ಲಿಂಬೆ ತೋಟ ಬಿಟ್ಟುಕೊಡಲು ಒಪ್ಪಿದ್ದ ರೈತ ಮಹಿಳೆ ಆಕೆ. ಮಂಜೂರಾದ ಮೇಲೆ ಒಯ್ದರಾಯಿತೆಂದು, ಒಪ್ಪಿಗೆಯ ಸಹಿ ಮಾಡಿಸಿದ ಮೂರನೆಯ ಪ್ರತಿಯನ್ನು ಆಕೆಯ ಹತ್ತಿರವೇ ಬಿಟ್ಟು ಬಂದಿದ್ದೆ. ಬೇರೆ ಯಾವ ಪ್ರತಿಯಲ್ಲೂ ಆ ಸಹಿ ಇರಲಿಲ್ಲ.

ಟೆಂಪೊ ಹತ್ತಿ ಆಕೆಯ ತೋಟಕ್ಕೆ ಓಡಿದೆ.

“ಹೌದ್ರಿ ಅಕ್ಕಾರ, ನಾನ ಕೊಟ್ಟೇನ್ರಿ,” ಎಂದಳು ಶಾಂತವ್ವ, ಸಂಭ್ರಮದಿಂದ. “ಸಾಹೇಬ್ರು ಊರಾಗ ರಸ್ತೆ ಪೂಜಾಕ್ಕ ಬಂದಿದ್ರು. ಕೈಯಾಗ ಇಟ್ಟು, ನಮ್ಮ ಅಕ್ಕಾರು ಗಿಡಾ ಉಳಸ್ತಾರ, ಅವರಿಗಿ ಸಹಾಯ ಮಾಡ್ರಿ ಅಂದೇನ್ರಿ.” ನನ್ನ ಮುಖ ನೋಡಿ ಆಕೆಯ ದನಿ ಇಳಿಯಿತು. “ಯಾಕ್ರಿ, ತಪ್ಪಾತೇನ್ರಿ?”

“ನಿನ್ನದೇನೂ ತಪ್ಪಿಲ್ಲವ್ವ” ಎಂದೆ.

ನಡೆದದ್ದನ್ನು ನಡೆದಂತೆಯೇ ಬರೆದುಕೊಟ್ಟೆ. ಸಮಿತಿ ಒಪ್ಪಿತು, ಆದರೆ ಅಷ್ಟರಲ್ಲಿ ಆ ವರ್ಷದ ಪಟ್ಟಿ ಹೋಗಿತ್ತು. ಅದರಲ್ಲಿ ಮಲ್ಲಿಕಾರ್ಜುನ ಸರ್ ಯೋಜನೆಯೂ ಇರಲಿಲ್ಲ. ಮುಂದಿನ ವರ್ಷ ನನ್ನದಕ್ಕೆ ಮಂಜೂರಾತಿ ಸಿಕ್ಕಿತು. ಈಗ ಶಾಂತವ್ವನ ತೋಟದಲ್ಲಿ ಕೆಲಸ ನಡೆದಿದೆ.

ಆದರೆ ನನಗೆ ಮರೆಯಲಾಗದ್ದು ಅದಲ್ಲ. ತೋಟದಿಂದ ಬಂದ ಮರುದಿನ ಅದೇ ಸ್ಟಾಫ್ ರೂಮಿನಲ್ಲಿ, ಎಲ್ಲರ ಮುಂದೆ, ಮಲ್ಲಿಕಾರ್ಜುನ ಸರ್‌ಗೆ ಕೈಮುಗಿದು ಕ್ಷಮೆ ಕೇಳಿದೆ. ಅವರು ಸಿಟ್ಟಾಗಲಿಲ್ಲ.

“ನಿಮ್ಮ ಜಾಗಾದಾಗ ಇದ್ದಿದ್ರ ನಾನೂ ಸಂಶೆ ಪಡ್ತಿದ್ದೆ ಮೇಡಂ,” ಎಂದರು. “ಆದ್ರ ಮೊದ್ಲ ನಿಮ್ಮೊಬ್ಬರನ್ನ ಬಾಜೂಕ ಕರದು ಕೇಳ್ತಿದ್ದೆ.”