ಕನಕಮ್ಮನ ಬಟ್ಟೆ ತಂತಿ

ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಲೈನ್ ಮನೆಗಳಲ್ಲಿ ಕನಕಮ್ಮ ನನ್ನ ಪಕ್ಕದ ಮನೆಯವಳು. ಅವಳ ಗಂಡ ಆರುಮುಗಂ ಗಣಿಯಲ್ಲಿದ್ದಾಗ ಹಳೇ ಕೇಬಲಿನ ಎಳೆಯೊಂದನ್ನು ಬಿಚ್ಚಿ ತಂದು, ಬಟ್ಟೆ ಒಣಗಿಸಲು ಬಾಗಿಲ ಮುಂದೆ ಕಟ್ಟಿದ್ದ. ನಮ್ಮ ಸಾಲಿನಲ್ಲಿ ಎಲ್ಲರ ತಂತಿಯೂ ಅಂಥದ್ದೇ. ತೆಳ್ಳಗಿದ್ದರೂ ಜಪ್ಪಯ್ಯ ಅಂದರೂ ಹರಿಯುವುದಿಲ್ಲ. ಗಂಡ ಹೋದ ಮೇಲೆ ಕನಕಮ್ಮ ಇಡ್ಲಿ ಮಾರಿ ಮೊಮ್ಮಗಳು ಸುಮಿತಾಳನ್ನು ಸಾಕಿದಳು. ಗ್ರೈಂಡರ್ ಹಿಟ್ಟೆಂದರೆ ಮೂಗು ಮುರಿಯುತ್ತಿದ್ದಳು; ಒರಳಿನಲ್ಲಿ ತಾನೇ ರುಬ್ಬಬೇಕಿತ್ತು.

ಸುಮಿತಾಳಿಗೆ ಮದುವೆ ಗೊತ್ತಾಯಿತು. ಮದುವೆಗೆ ಮುಂಚೆ ವಿಡಿಯೋ ತೆಗೆಸಿಕೊಳ್ಳುವ ಹುಚ್ಚು ನನಗೆ ಕಂಡರಾಗದು. ಆದರೆ ಹುಡುಗಿ, “ನಮ್ಮ ಪಾಟಿ ಮನೆ ಬಾಗಿಲಲ್ಲೇ ತೆಗೀಬೇಕು” ಎಂದು ಹಟ ಹಿಡಿದಳು. ಅಜ್ಜಿ ಹಿಗ್ಗಿಹೋಗಿ ಬಾಗಿಲಿಗೆ ನೀಲಿ ಬಣ್ಣ ಬಳಿದಳು.

ಬಂಗಾರಪೇಟೆಯ ವಿಡಿಯೋದವನು ಸುಧಾಕರ್ ಡ್ರೋನ್ ಹಿಡಿದು ಬಂದ. ತಂತಿಯ ಮೇಲಿನ ಸೀರೆ, ಲಂಗಗಳನ್ನು ನೋಡಿ ಮುಖ ಸಿಂಡರಿಸಿದ.

“ಅಜ್ಜಿ, ಬಟ್ಟೆಯೆಲ್ಲ ತೆಗ್ದಾಕಿ. ಅಸಯ್ಯವಾಗಿ ಕಾಣ್ತವೆ.”

ಕನಕಮ್ಮ ತಲೆತಗ್ಗಿಸಿ ಒದ್ದೆ ಬಟ್ಟೆಗಳನ್ನು ಒಳಗೊಯ್ದಳು. ನನಗೆ ಮೈಯೆಲ್ಲ ಉರಿಯಿತು. ಸಂಜೆ ಬೆಳಕಿನಲ್ಲಿ ಬರೀ ತಂತಿ ನಮಗೇ ಸರಿಯಾಗಿ ಕಾಣುತ್ತಿರಲಿಲ್ಲ.

“ತಂತಿ ಐತೆ, ನೋಡ್ಕಳಪ್ಪ,” ಎಂದೆ.

“ಇದ್ಕೆ ಕಣ್ಣೈತಕ್ಕ. ಅಡ್ಡ ಏನ್ ಬಂದ್ರೂ ತಾನೇ ತಪ್ಪಿಸ್ಕಂತದೆ.”

ರಿಮೋಟಿನ ಪರದೆಯ ಮೇಲೆ ಸುಮಿತಾಳನ್ನು ಗುರುತು ಮಾಡಿ ಹಾರಬಿಟ್ಟ. ಅವಳು ನಡೆದತ್ತ ಡ್ರೋನ್ ತಾನೇ ಹಿಂಬಾಲಿಸಿತು. ಈ ಮಹಾಶಯ ಆಕಾಶ ನೋಡುತ್ತ ಬಾಯಿಗೆ ಗುಟ್ಕಾ ಸುರಿದುಕೊಂಡ. ತಂತಿ ಟಣ್ ಎಂದಿತು. ಡ್ರೋನ್ ಮಗುಚಿಕೊಂಡು, ಸದ್ದಿಗೆ ತಿರುಗಿದ ಹುಡುಗಿಯ ಮುಖದತ್ತ ಬಂತು. ಕನಕಮ್ಮ ಬಲಗೈ ಅಡ್ಡ ಒಡ್ಡಿದಳು.

ಆಸ್ಪತ್ರೆಯಲ್ಲಿ ಅಂಗೈಗೆ ಹೊಲಿಗೆ ಹಾಕುತ್ತಿದ್ದಾಗ ಸುಧಾಕರ್ ಹೊರಗೆ ಬಾಯಿಬಿಟ್ಟ.

“ಗೋಡೆ, ಮರ, ಬಟ್ಟೆ ಎಲ್ಲ ಕಾಣ್ತದಕ್ಕ. ಸಣ್ಣ ತಂತಿ ಮಾತ್ರ ಕಾಣಲ್ಲ. ಬೆಳಕು ಕಮ್ಮಿಯಾದ್ರೆ ಇನ್ನೂ ಕಷ್ಟ. ತಂತಿ ಕಾಣ್ದೆ ಇದ್ರೆ ದಾರಿ ಖಾಲಿ ಅಂತ್ಲೇ ಹುಡುಗಿ ಹಿಂದೆ ಓಯ್ತದೆ.”

“ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತು. ಏನಾಗ್ತದೆ ಬಿಡು ಅಂದ್ಕಂಡೆ.”

ಥೂ, ಇವನ ಜನ್ಮಕ್ಕಿಷ್ಟು. ಬಟ್ಟೆ ಹಾಗೇ ಇದ್ದಿದ್ದರೆ ಆ ಕೈ ಉಳಿಯುತ್ತಿತ್ತು. ಈಗ ಬೆರಳು ಮಡಚಲು ಬರುವುದಿಲ್ಲ. ಒರಳು ಮೂಲೆಯಲ್ಲಿ ಒಣಗಿ ಬಿದ್ದಿದೆ.

ಆದರೂ ಸುಮಿತಾಳಿಗೆ ಅಜ್ಜಿಯ ಬಾಗಿಲೇ ಬೇಕಿತ್ತು. ಮುಂಗಡ ಕೊಟ್ಟಾಗಿದ್ದರಿಂದ ಸುಧಾಕರನೇ ಡ್ರೋನ್ ರಿಪೇರಿ ಮಾಡಿಸಿಕೊಂಡು ಮತ್ತೆ ಬಂದ. ಈ ಸಲ ಬಾಡಿಗೆಯ ಬಣ್ಣದ ರೇಷ್ಮೆ ಸೀರೆಗಳನ್ನು ತಂದು, ಮಿಷನ್‌ಗೆ ಕಾಣಲೆಂದು ಅದೇ ತಂತಿಯ ತುಂಬ ಹರವಿದ. ನಾಚಿಕೆಗೆಟ್ಟವನು.

ಕನಕಮ್ಮ ಎಡಗೈಯಲ್ಲೇ ಒಂದೊಂದಾಗಿ ರೇಷ್ಮೆ ಎಳೆದು ಅವನ ಹೆಗಲಿಗೆ ಹಾಕಿದಳು. ಒಳಗೆ ಹೋಗಿ, ಅವತ್ತು ಉಟ್ಟಿದ್ದ ಸೀರೆ ತಂದು ತಂತಿಗೆ ಹರವಿದಳು. ಎಷ್ಟು ಒಗೆದರೂ ಅದರ ರಕ್ತದ ಕಲೆ ಹೋಗಿರಲಿಲ್ಲ.

“ಇದು ಕಾಣ್ತದೇನಪ್ಪ ನಿನ್ ಮಿಷನ್‌ಗೆ?”

ಸುಧಾಕರ್ ನೆಲ ನೋಡಿದ. “ಕಾಣ್ತದಜ್ಜಿ.”

“ಅಂಗಾದ್ರೆ ವಿಡಿಯೋ ತೆಗಿ,” ಎಂದು ಕನಕಮ್ಮ ಮೊಮ್ಮಗಳ ಪಕ್ಕ ಹೋಗಿ ನಿಂತಳು.